ಎಡಗಡೆಯ ಸ್ಪೀಕರಿಗೆ ಇಟ್ಟ ಗಂಧ

ಈಗಲೂ ಯಾರಾದರೂ ಗಂಧ ತೇಯ್ದರೆ ನನ್ನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಅಣ್ಣನಿಗೆ ನಾನಿನ್ನೂ ಹೇಳಿಲ್ಲ.

ನಮ್ಮದು ಕಾಶಿಗೆ ಬರುವ ದಕ್ಷಿಣದ ಯಾತ್ರಿಕರಿಗೆ ಪೂಜೆ ಮಾಡಿಸುವ ಮನೆ. ನನಗಾಗ ಒಂಬತ್ತು ವರ್ಷ. ಅಣ್ಣ ಬಹಳ ಆಸೆಪಟ್ಟು ಎರಡು ಪುಟ್ಟ, ದುಬಾರಿ ಸ್ಪೀಕರ್ ತಂದು ಪಂಚಾಂಗಗಳ ಪಕ್ಕದಲ್ಲಿಟ್ಟಿದ್ದ. ಧ್ವನಿ ಮಂಕಾಗುತ್ತದೆಂದು ಮುಂದಿನ ಜಾಲರಿಯನ್ನೂ ತೆಗೆದಿದ್ದ. "ಹಾಡೋರು ಉಸಿರೆಳೆಯೋದೂ ಕೇಳುತ್ತೆ" ಎಂದು ಹಾಲಿನವನನ್ನೂ ಕರೆದು ಕೂರಿಸುತ್ತಿದ್ದ.

"ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಜಂಬವೇನೋ?" ಎನ್ನುತ್ತಿದ್ದಳು ಅಜ್ಜಿ.

ಆಯುಧಪೂಜೆಯ ಮಧ್ಯಾಹ್ನ ಅಜ್ಜಿ ನನಗೆ ಗಂಧದ ಬಟ್ಟಲು ಕೊಟ್ಟಳು. "ಈಳಿಗೆ, ಮಿಕ್ಸಿ, ಸ್ಕೂಟರ್, ಒಂದೂ ಬಿಡಬೇಡ ಪುಟ್ಟಿ. ಗಟ್ಟಿಯಾಗಿ ಒತ್ತು, ಉದುರಬಾರದು."

ಎಡಗಡೆಯ ಸ್ಪೀಕರಿನ ಮುಖದ ಮೇಲ್ಭಾಗದಲ್ಲಿ, ತಾರಸ್ವರ ಹೊರಡುವಲ್ಲಿ, ರೇಷ್ಮೆಯಂಥ ಪುಟ್ಟ ಉಬ್ಬೊಂದಿತ್ತು. ಇದೇ ಅದರ ಹಣೆ ಎಂದುಕೊಂಡು ಹೆಬ್ಬೆರಳಿನಿಂದ ಒತ್ತಿದೆ. ಅದು ಬಿಸಿ ಪೂರಿಯ ಹಾಗೆ ಪುಸಕ್ಕನೆ ಒಳಗೆ ಹೋಯಿತು, ಮತ್ತೆ ಮೇಲೆ ಬರಲಿಲ್ಲ. ಕುಳಿ ಕಾಣದಂತೆ ಗಂಧ ತುಂಬಿ, ಮೇಲೆ ಕುಂಕುಮವಿಟ್ಟೆ. ಹೆದರಿ ಬಲಗಡೆಯದನ್ನು ಮುಟ್ಟಲೇ ಇಲ್ಲ.

ಸಂಜೆ ಅಣ್ಣ ಹಾಡು ಹಾಕಿ ತಲೆ ವಾಲಿಸಿದ. "ಎಡಗಡೆ ಏನೋ ಬೇರೆ ಥರ ಕೇಳ್ತಿದೆಯಲ್ಲೇ?"

"ಹೂಂ ಅಣ್ಣ, ಇಂಪಾಗಿದೆ. ಪೂಜೆ ಆಯ್ತಲ್ಲ."

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. "ಹೌದು ಕಣೇ! ಮೆತ್ತಗೆ, ಜೇನಿನ ಹಾಗಿದೆ. ಬಲಗಡೆಯದನ್ನ ಯಾಕೆ ಬಿಟ್ಟೆ? ಅದಕ್ಕೂ ಹಚ್ಚು" ಎಂದು ಮತ್ತೆ ಕಣ್ಣು ಮುಚ್ಚಿದ.

ಹಚ್ಚಿದೆ. ಎರಡೂ ಒಂದೇ ಥರ ಕೇಳಬೇಕಲ್ಲ ಎಂದು, ಅಷ್ಟೇ ಗಟ್ಟಿಯಾಗಿ ಒತ್ತಿದೆ.