ಹಳದಿ ಮಣಿಯ ತಿರುಳು

ಮಾಮ್ಲೆಯ ಕೈಯಿಂದ ಜಾರಿದ ಹಳದಿ ಮಣಿ ಅರೆಯುವ ಕಲ್ಲಿಗೆ ಬಡಿದು ಎರಡು ಹೋಳಾಯಿತು. ನಾಳೆ ಮಗಳ ದಿಪೊ, ಹುಡುಗಿ ಹೆಣ್ಣಾದಳೆಂದು ಊರಿಗೆ ಸಾರುವ ಶಾಸ್ತ್ರ. ಅವಳ ಸರದ ನಡುವೆ ತೂಗಬೇಕಿದ್ದ ಮನೆತನದ ಮಣಿ ಅದು.

"ನಿನ್ನ ಕೈ ಸೇದಿಹೋಗ! ನಮ್ಮತ್ತೆಯ ಅತ್ತೆ ಕಾಲದ್ದು ಕಣೇ!" ಅತ್ತೆ ದೆದೆ ಕೂಗಿದಳು. "ಮಣಿ ಮಾಡೋರ ಮನೆ ಹುಡುಗಿಯಂತೆ, ಹಿಡಿಯೋಕೂ ಬರಲ್ಲ!"

ಮಾಮ್ಲೆ ಹೋಳುಗಳನ್ನು ಎತ್ತಿಕೊಂಡಳು. ಹಳೆಯ ಕಾಲದ ಹಳದಿ ಮಣಿಯ ಒಳಗೆ ಕಪ್ಪು ತಿರುಳಿರುತ್ತದೆ. ಇದರ ಒಳಗೆ ಮಾತ್ರ ಬರೀ ಹಳದಿಯೇ ಇತ್ತು.

"ಅತ್ತೆ, ಇದು ಹೊಸ ಮಣಿ. ಯಾರೋ ಬದಲಾಯಿಸಿದಾರೆ. ಮಾವನ್ನ ಕರೀಲಾ?"

ದೆದೆ ಹೋಳುಗಳತ್ತ ನೋಡಲೇ ಇಲ್ಲ. ಅಂಗಳದಲ್ಲಿ ಮಾವನ ಕೆಮ್ಮು ಕೇಳಿತು. ಅವಳು ಸೊಸೆಯ ಮುಷ್ಟಿಯನ್ನು ಎರಡೂ ಕೈಯಿಂದ ಮುಚ್ಚಿದಳು.

"ನಾನೇ ಒಡೆದೆ ಅಂತ ಹೇಳ್ತೀನಿ. ನಿಮ್ಮಾವ ಒಳಗಿನ ಬಣ್ಣ ನೋಡೋ ಮೊದಲು ನೀನು ಈ ಹೋಳುಗಳನ್ನ ಅರೆದುಬಿಡು, ನನ್ನವ್ವಾ."