ಸಗೋತ್ರ

"ನೋಡಪ್ಪಾ, ನನ್ನ ಮಗನ್ನ ಬಿಟ್ಟುಬಿಡು." ಬಾಗಿಲು ತೆಗೆದ ಕೂಡಲೇ ಹೀಗೆ ಹೇಳಬೇಕೆಂದು ಪರಮೇಶ್ವರಿ ಬೆಳಗಿನಿಂದ ಒಲೆಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದರು. ಆದರೆ ಕೊಚ್ಚಿಯಿಂದ ರೈಲಿನಲ್ಲಿ ಬಂದ ಇಬ್ಬರು ಹುಡುಗರು ಬೆವರಿನಲ್ಲಿ ತೊಯ್ದು ಹೊಸ್ತಿಲಾಚೆ ನಿಂತಾಗ ಅವರ ಬಾಯಿಂದ ಬಂದದ್ದೇ ಬೇರೆ. "ಕೈಕಾಲು ತೊಳ್ಕೊಂಡು ಬನ್ನಿ, ಉಪ್ಪಿಟ್ಟು ಆರಿಹೋಗ್ತಿದೆ."

ಒಬ್ಬ ಅವರ ಮಗ ಚಿನ್ಮಯ, ಕಳಮಶ್ಶೇರಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಇನ್ನೊಬ್ಬ ಅಭಿರಾಮ, ಕಾಸರಗೋಡಿನವನು, ಎರ್ನಾಕುಳಂನಲ್ಲಿ ವಕೀಲ. ಸಲಿಂಗ ಪ್ರೇಮ ಅಪರಾಧವಲ್ಲವೆಂಬ ದೆಹಲಿ ಹೈಕೋರ್ಟಿನ ತೀರ್ಪು ಪತ್ರಿಕೆಗಳಲ್ಲಿ ಬಂದ ದಿನ ಚಿನ್ಮಯ ಮನೆಗೆ ಫೋನ್ ಮಾಡಿ, ಇನ್ನು ನನಗೆ ಹುಡುಗಿ ನೋಡಬೇಡಿ, ಬಾಳುವುದಾದರೆ ಅಭಿರಾಮನ ಜೊತೆ ಎಂದಿದ್ದ. ಅಪ್ಪ ವೆಂಕಟ್ರಮಣ ಫೋನ್ ಇಟ್ಟುಬಿಟ್ಟಿದ್ದರು. ಕೆಲವು ದಿನಗಳ ಮೇಲೆ ಪರಮೇಶ್ವರಿಯೇ ಕರೆ ಮಾಡಿ, "ಅವನನ್ನ ಒಂದ್ಸಲ ಕರ್ಕೊಂಡ್ ಬಾ" ಎಂದರು. ಒಪ್ಪಿಗೆ ಕೊಡುವುದಕ್ಕಲ್ಲ, ಎದುರಿಗೆ ಕೂರಿಸಿಕೊಂಡು ಬೇಡ ಅನ್ನುವುದಕ್ಕೆ. ಅದು ಚಿನ್ಮಯನಿಗೂ ತಿಳಿದಿತ್ತು. ಹಾಗೇನಾದರೂ ಅಂದರೆ ತಾನು ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದ.

ವೆಂಕಟ್ರಮಣ ಶ್ರೀಕಾರ್ಯಂನ ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಬೇರೆ ಏನು ಮಾತಾಡಬೇಕೋ ತೋಚದೆ, ತಟ್ಟೆ ನೋಡಿಕೊಂಡೇ ಕೇಳಿದರು. "ನಿಮ್ಮ ಕಡೆ ಮರಗೆಣಸು ಹಾಕ್ತಾರಾ?"

"ಉಂಟು ಮಾವ, ಗುಡ್ಡದಲ್ಲೆಲ್ಲ ಹಾಕ್ತಾರೆ."

ವೆಂಕಟ್ರಮಣರಿಗೆ ಉಪ್ಪಿಟ್ಟು ನೆತ್ತಿಗೇರಿತು. ಪರಮೇಶ್ವರಿ ನೀರಿನ ಲೋಟ ಹಿಡಿದು ಓಡಿಬಂದರು. ಅಭಿರಾಮನ ಮುಖ ಕೆಂಪಾಯಿತು. "ಅಯ್ಯೋ, ಹಾಗಲ್ಲ! ನಮ್ಮ ಊರಲ್ಲಿ ದೊಡ್ಡವರಿಗೆಲ್ಲ ಮಾವ ಅಂತಲೇ ಹೇಳುವುದು. ಬಸ್ಸಿನ ಕಂಡಕ್ಟರಿಗೂ."

ಚಿನ್ಮಯ ನಗು ತಡೆಯಲು ಕಿಟಕಿಯ ಕಡೆ ತಿರುಗಿದ. ಪರಮೇಶ್ವರಿಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಈ ಮಲಯಾಳದ ಊರಿನಲ್ಲೇ ಹುಟ್ಟಿ ಬೆಳೆದ ಅವರ ಮಗ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವವನು. ಈ ಹುಡುಗ ಎಷ್ಟು ಅಚ್ಚುಕಟ್ಟಾಗಿ ಕನ್ನಡ ಮಾತಾಡುತ್ತಾನಲ್ಲ ಅನ್ನಿಸಿ, ಹಾಗನ್ನಿಸಿದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂತು. ಸೋಫಾದ ಅಂಚಿನಲ್ಲಿ ನೆಟ್ಟಗೆ ಕೂತು, ಮನೆಗೆ ಬಂದ ಯಾವ ಸಂಬಂಧಕ್ಕಾದರೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು. "ಗೋತ್ರ ಯಾವುದು?"

"ಕಾಶ್ಯಪ."

"ಅಯ್ಯೋ ರಾಮ! ನಮ್ಮದೂ ಅದೇ. ಸಗೋತ್ರ! ಸಾಧ್ಯವೇ ಇಲ್ಲ."

"ಅದು ಸರೀನೇ," ಎಂದರು ವೆಂಕಟ್ರಮಣ, ಆ ದಿನ ಮೊದಲ ಬಾರಿಗೆ ಉತ್ಸಾಹದಿಂದ. "ವೈಜ್ಞಾನಿಕವಾಗಿಯೂ ಒಳ್ಳೇದಲ್ಲ. ಹತ್ತಿರದ ರಕ್ತ ಸೇರಿದ್ರೆ ಹುಟ್ಟೋ ಮಕ್ಕಳಿಗೆ..." ಅಲ್ಲಿಗೆ ನಿಂತರು.

"ಎಂದಾ ಅಮ್ಮೇ ಇದು?" ಏನಮ್ಮಾ ಇದೆಂದು ಮಲಯಾಳದಲ್ಲಿ ರೇಗುತ್ತಾ ಚಿನ್ಮಯ ಎದ್ದು ನಿಂತ. "ನಡಿ ಅಭಿ, ಹೋಗೋಣ."

ಅಭಿರಾಮ ಅವನ ಕೈ ಹಿಡಿದು ಕೂರಿಸಿದ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವಷ್ಟೇ ಮೆಲ್ಲಗೆ ಪರಮೇಶ್ವರಿಯನ್ನು ಕೇಳಿದ. "ಅಂದರೆ ಅಮ್ಮ, ಅಡ್ಡಿ ಇರುವುದು ಗೋತ್ರದ್ದು ಮಾತ್ರ ಅಲ್ವಾ?"

ಪರಮೇಶ್ವರಿ ಬಾಯಿ ತೆರೆದರು. ಬೆಳಗಿನಿಂದ ಬಾಯಿಪಾಠ ಮಾಡಿದ್ದ ಮಾತು ಈಗ ಬರಬೇಕಾಗಿತ್ತು. ಮಗ ತಮ್ಮನ್ನೇ ನೋಡುತ್ತಿದ್ದ. ಅವನ ಕೈ ಇನ್ನೂ ಆ ಹುಡುಗನ ಕೈಯಲ್ಲೇ ಇತ್ತು. "ಗೋತ್ರ ಅಂದ್ರೆ ಸಣ್ಣ ವಿಷಯಾನಾ?" ಎಂದಷ್ಟೇ ಹೇಳಿದರು.

"ನಿನ್ನ ಚಿಕ್ಕಮ್ಮನ ಮಗಳು ಕಮಲನ ಮದುವೇಲೂ ಸಗೋತ್ರ ಬಂದಿತ್ತಲ್ಲ," ಎಂದರು ವೆಂಕಟ್ರಮಣ. ತಟ್ಟೆಯಿಂದ ಕಣ್ಣು ಎತ್ತಿರಲಿಲ್ಲ. "ಆಗ ಏನು ಮಾಡಿದ್ರು?"

ಪರಮೇಶ್ವರಿ ಗಂಡನನ್ನು ಬೆರಗಿನಿಂದ ನೋಡಿದರು. ಫೋನ್ ಇಟ್ಟುಬಿಟ್ಟವರು ಇವರೇನಾ? "ಹುಡುಗೀನ ಸೋದರಮಾವನಿಗೆ ದತ್ತು ಕೊಟ್ಟು, ಗೋತ್ರ ಬದಲಾಯಿಸಿ, ಆಮೇಲೆ ಧಾರೆ ಎರೆದ್ರು. ಯಾವಾಗಲೂ ಹೆಣ್ಣಿನ ಕಡೆಯವರೇ ಕೊಡೋದು."

"ಇಲ್ಲಿ ಹೆಣ್ಣಿನ ಕಡೆಯವರು ಯಾರು?" ಎಂದರು ವೆಂಕಟ್ರಮಣ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾವಂತೂ ಅಲ್ಲ!" ಎಂದರು ಪರಮೇಶ್ವರಿ ಖಡಾಖಂಡಿತವಾಗಿ. ಈ ಸಲ ಚಿನ್ಮಯನ ನಗು ಯಾವ ಕಿಟಕಿಯ ಕಡೆಗೂ ತಿರುಗದೆ ಹೊರಬಂತು. ಅವನ ಹಿಂದೆಯೇ ಅಪ್ಪನದೂ.

"ನನ್ನನ್ನೇ ಕೊಡಬಹುದು," ಎಂದ ಅಭಿರಾಮ, ತಾನೂ ನಗುತ್ತಾ. "ಹೇಗೂ ನನ್ನ ಅಪ್ಪ ಅಮ್ಮ ಮನೆಗೆ ಬರಬೇಡ ಅಂತ ಹೇಳಿದ್ದಾರೆ. ಯಾರು ದತ್ತು ತೆಗೆದುಕೊಂಡರೂ ಆದೀತು."

ಉಳಿದವರ ನಗು ನಿಂತಿತು. ಪರಮೇಶ್ವರಿ ಎದ್ದು ಅವನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು. ಬೇಡವೆಂದು ಅಡ್ಡ ಹಿಡಿದ ಕೈಯನ್ನು ಸೌಟಿನಿಂದಲೇ ಸರಿಸಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಮೂಲೆಯಲ್ಲಿದ್ದ ಫೋನಿನಿಂದ ಮೈಸೂರಿನ ತಮ್ಮನಿಗೆ ಕರೆ ಮಾಡಿದರು.

"ಗಂಡುಮಗ ಇಲ್ಲ ಅಂತ ಕೊರಗ್ತಿದ್ದೆಯಲ್ಲೋ, ಒಬ್ಬ ಹುಡುಗ ಇದಾನೆ, ದತ್ತು ತಗೋತೀಯಾ? ಹೂಂ, ಮದುವೆಗೇ. ಸಗೋತ್ರ ಆಗ್ಬಿಟ್ಟಿದೆ. ಹುಡುಗ ನಮ್ಮವನೇ ಕಣೋ. ಏನಂದೆ? ಹುಡುಗಿ ಯಾರಾ?"

ಪರಮೇಶ್ವರಿ ಮಗನನ್ನು ನೋಡಿದರು, ಅಭಿರಾಮನನ್ನು ನೋಡಿದರು. ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಎಳೆದುಕೊಂಡು ಕೂತರು.

"ನೀನೂ ಕೂತ್ಕೋ. ಹೇಳ್ತೀನಿ."