ಬಲಗಡೆಯ ಪುಟ

"ಆ ಪುಟಗಳನ್ನ ನುಂಗಿದ್ದು ಯಾರು?"

ಧ್ವನಿಪುಸ್ತಕ ಕೇಂದ್ರದ ಹೊಸ್ತಿಲು ದಾಟುವ ಮೊದಲೇ ಮೇಷ್ಟ್ರು ಕೇಳಿದರು. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವ ಎರಡು ಕೋಣೆಯ ಜಾಗ ಅದು. ಹುಟ್ಟಿನಿಂದ ಕಣ್ಣಿಲ್ಲದ ಮೇಷ್ಟ್ರು ಶಾಲೆಯಲ್ಲಿ ಚರಿತ್ರೆ ಕಲಿಸುತ್ತಾರೆ. ಇಲ್ಲಿಯ ರೆಕಾರ್ಡುಗಳನ್ನು ಕೇಳಿ ಕೇಳಿಯೇ ಅರ್ಧ ಆಯಸ್ಸು ಕಳೆದವರು. ಬಂದಾಗಲೆಲ್ಲ ನಗುತ್ತಲೇ ಬರುತ್ತಿದ್ದ ಮನುಷ್ಯ ಇವತ್ತು ಕೋಲನ್ನು ಮೇಜಿನ ಮೇಲೆ ಟಪ್ಪೆಂದು ಬಡಿದರು.

"ಯಾವ ಪುಟ ಸರ್? ಮೊದಲು ಕೂತ್ಕೊಳ್ಳಿ," ಎಂದ ಮ್ಯಾನೇಜರ್.

"ಆ ತಾಯಿ-ಮಗಳ ಕಾದಂಬರಿ. ಕೂರಲ್ಲ ನಾನು."

ಆಗಿದ್ದು ಇಷ್ಟು. ಶಾಲೆಯ ಓದುಕೂಟದಲ್ಲಿ ಆ ಕಾದಂಬರಿ ಹಿಡಿದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಮೇಷ್ಟ್ರೊಬ್ಬರೇ, "ಇದರಲ್ಲಿ ಕಷ್ಟ ಏನಿದೆ? ಮೊದಲು ಅಮ್ಮನ ಕಥೆ, ಆಮೇಲೆ ಮಗಳ ಕಥೆ. ಅಮ್ಮ ಸತ್ತಿದ್ದು ಮಾತ್ರ ಮನಸ್ಸಿಗೆ ತಟ್ಟೋದೇ ಇಲ್ಲ," ಎಂದುಬಿಟ್ಟರು. ಆಮೇಲೆ ಗಣಿತದ ಟೀಚರು ಮೆಲ್ಲಗೆ ಬಿಡಿಸಿ ಹೇಳಿದರು: ಮಾತು ಬಿಟ್ಟ ತಾಯಿ-ಮಗಳು ಒಂದೇ ಮನೆಯಲ್ಲಿದ್ದಾರೆ. ಪುಸ್ತಕ ತೆರೆದರೆ ಎಡಪುಟದಲ್ಲಿ ಮಗಳ ಮಾತು, ಎದುರಿನ ಬಲಪುಟದಲ್ಲಿ ತಾಯಿಯದು. ನಡುವೆ ತಾಯಿ ಸಾಯುತ್ತಾಳೆ. ಅಲ್ಲಿಂದಾಚೆ ಎಡಗಡೆ ಮಗಳು ಮಾತಾಡುತ್ತಲೇ ಹೋಗುತ್ತಾಳೆ, ಬಲಪುಟ ಕೊನೇತನಕ ಖಾಲಿ. "ನಿಮ್ಮ ತಪ್ಪಲ್ಲ ಬಿಡಿ ಮೇಷ್ಟ್ರೇ," ಎಂದು ಯಾರೋ ಭುಜ ತಟ್ಟಿದರು. ಕುರುಡ ಎಂದು ಮುಖದ ಮೇಲೇ ಬೈದಿದ್ದರೂ ಮೇಷ್ಟ್ರಿಗೆ ಅಷ್ಟು ಉರಿಯುತ್ತಿರಲಿಲ್ಲ.

"ಓ, ಅದಾ!" ಮ್ಯಾನೇಜರ್ ನಕ್ಕ. "ಒಂದು ಪುಟ ಇವಳು, ಒಂದು ಪುಟ ಅವಳು. ಕೇಳೋರಿಗೆ ಗೊಂದಲ ಆಗುತ್ತೆ ಅಂತ ಅಮ್ಮನ ಪುಟಗಳನ್ನೆಲ್ಲ ಮೊದಲು, ಮಗಳದ್ದನ್ನೆಲ್ಲ ಆಮೇಲೆ ಓದಿಸಿದೆ. ನಿಮ್ಮ ಅನುಕೂಲಕ್ಕೇ ಅಲ್ವಾ ಸರ್?"

"ಖಾಲಿ ಪುಟಗಳು?"

"ಅದರಲ್ಲಿ ಓದೋದೇನಿದೆ? ಬಿಟ್ವಿ."

ಬರೆದವರು ಪುಸ್ತಕವನ್ನು ಪೂರ್ತಿಯಾಗಿಯೇ ಕೊಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಮೇಷ್ಟ್ರು ಮೇಜಿನತ್ತ ಬಾಗಿದರು.

"ಅನುಕೂಲ ಬೇಕು ಅಂತ ನಾನು ಕೇಳಿದ್ನಾ? ನನಗೆ ಕಣ್ಣಿಲ್ಲ, ಹಲ್ಲಿದೆ. ನೀವು ಅಗಿದು ಬಾಯಿಗಿಡಬೇಡಿ! ಅವರೆಲ್ಲ ಎಡಕ್ಕೆ ಓದಿ, ಬಲಕ್ಕೆ ಓದಿ, ತಲೆ ಕೆಟ್ಟು, ಬೈಕೊಂಡು, ಮತ್ತೆ ಹಿಂದಿನಿಂದ ಓದಿದ್ದಾರೆ. ಗೊಂದಲ ಪಡೋ ಹಕ್ಕು ನನಗೊಬ್ಬನಿಗೆ ಇಲ್ವಾ? ನೀವು ಕೊಟ್ಟಿದ್ದನ್ನ ಗಟಗಟ ಅಂತ ಕುಡಿದು, ಎಲ್ಲ ಗೊತ್ತು ಅಂತ ನಾಲ್ಕು ಜನರ ಮುಂದೆ ಮೆರೆದು ಬಂದೆ."

"ಸಿಟ್ಟು ಮಾಡ್ಕೋಬೇಡಿ. ಬಿಟ್ಟಿಯಾಗಿ ಮಾಡೋ ಸೇವೆ ಇದು..."

"ಬಿಟ್ಟಿ ಕೊಟ್ರೆ ಅರ್ಧ ಕಿತ್ತುಕೊಂಡು ಕೊಡಬಹುದಾ?"

ಒಳಗಿನ ಕೋಣೆಯ ಬಾಗಿಲು ಕಿರುಗುಟ್ಟಿತು. ಪುಸ್ತಕ ಓದುವ ಹೆಂಗಸು ಹೊರಗೆ ಬಂದಿದ್ದಳು. ಕೇಳುಗರೆಲ್ಲ ಅವಳನ್ನು ಕರೆಯುವುದು ದನಿಯಕ್ಕ ಎಂದೇ. "ನಾನು ಆಗಲೇ ಬಡ್ಕೊಂಡೆ ಮೇಷ್ಟ್ರೇ. ಇಲ್ಲಿ ನನ್ನ ಗಂಟಲು ಬೇಕು, ಮಾತು ಯಾರಿಗೆ ಬೇಕು?" ಎಂದಳು. "ಬನ್ನಿ ಒಳಗೆ, ಈಗಲೇ ಮತ್ತೆ ಓದೋಣ. ಆದ್ರೆ ಖಾಲಿ ಪುಟ ಓದೋದು ಹೇಗೆ ಅಂತ ನನಗೂ ತಿಳೀತಿಲ್ಲ."

"ತುಂಬಿದ ಪುಟಕ್ಕೆ ಎಷ್ಟು ಹೊತ್ತು ಹಿಡಿಯುತ್ತೋ ಅಷ್ಟೇ ಹೊತ್ತು ಸುಮ್ಮನಿದ್ದುಬಿಡಿ ಅಕ್ಕ."

"ಸುಮ್ಮನಿರೋದನ್ನ ರೆಕಾರ್ಡ್ ಮಾಡ್ಬೇಕಾ?" ಮ್ಯಾನೇಜರ್‌ನ ದನಿ ಏರಿತು. "ಜನ ಮೆಷಿನ್ ಕೆಟ್ಟಿದೆ ಅಂದ್ಕೋತಾರೆ!"

"ಅಂದ್ಕೊಳ್ಳಲಿ. ಸ್ವಲ್ಪ ಹೊತ್ತು ಕಿವಿ ಕೊಟ್ಟು ಕಾಯಲಿ," ಎಂದು ಮೇಷ್ಟ್ರು ದನಿಯಕ್ಕನ ಹಿಂದೆಯೇ ಒಳಗೆ ನಡೆದರು.

ಬಾಗಿಲು ಮುಚ್ಚಿದ್ದೇ ಹೊರಗಿನ ಸದ್ದೆಲ್ಲ ನಿಂತಿತು. ಬಲಪುಟ ಖಾಲಿಯಾಗುವ ಕಡೆಯಿಂದಲೇ, ತಾಯಿ ಸತ್ತ ಮರುದಿನದ ಮಗಳ ಪುಟವನ್ನು ದನಿಯಕ್ಕ ಓದತೊಡಗಿದಳು. "ಗಡಿಯಾರಕ್ಕೆ ಕೀ ಕೊಡೋದು ನಿನ್ನ ಕೆಲಸ, ನಾನು ಮುಟ್ಟಲ್ಲ. ಹಗ್ಗದ ಮೇಲೆ ನಿನ್ನ ಬಟ್ಟೆ ಒಣಗಿದೆ. ತೆಗೀಲಾ, ಬೇಡ್ವಾ? ಅದನ್ನಾದ್ರೂ ಬಾಯಿ ಬಿಟ್ಟು ಹೇಳು."

ಎಡಪುಟ ಮುಗಿಯಿತು. ದನಿಯಕ್ಕ ಸುಮ್ಮನಾದಳು. ಹಿಂದಿನ ರೆಕಾರ್ಡಿನಲ್ಲಿ ಈ ಪ್ರಶ್ನೆಯ ಬೆನ್ನಿಗೇ ಮಗಳ ಮುಂದಿನ ಮಾತು ಬಂದು ಅಮರಿಕೊಂಡಿತ್ತು. ಈಗ ಏನೂ ಬರಲಿಲ್ಲ. ಮೇಷ್ಟ್ರು ತಡಕಾಡಿ ಬಲಪುಟದ ಮೇಲೆ ಅಂಗೈ ಇಟ್ಟರು. ಇನ್ನೇನು ಆ ತಾಯಿ ಏನಾದರೂ ಹೇಳಿಯಾಳು ಎಂದು ಅವರ ಕಿವಿ ಕಾಯುತ್ತಿತ್ತು. ಹೇಳಲಿಲ್ಲ.

ಗೋಡೆಯ ಸ್ಪೀಕರ್‌ನಲ್ಲಿ ಹೊರಗಿದ್ದ ಮ್ಯಾನೇಜರ್‌ನ ದನಿ ಗರಗರ ಎಂದಿತು. "ಹಲೋ, ಏನಾಯ್ತು? ಯಾಕೆ ಓದ್ತಿಲ್ಲ?"

ಖಾಲಿ ಪುಟದ ಮೇಲಿಂದ ಕೈ ಎತ್ತದೆಯೇ ಮೇಷ್ಟ್ರು ಗದರಿದರು:

"ಬಾಯಿ ಮುಚ್ರೀ! ಓದ್ತಾ ಇದ್ದೀವಿ."